ಗೊಂಬೆ ಹಬ್ಬಕ್ಕೆ ಬಂದ ಮೆಕ್ಸಿಕೊ

ಹೊರದೇಶದಲ್ಲಿ, ಸಮರ್‌ಸೆಟ್‌ ಎಂಬ ಊರಿನಲ್ಲಿ, ನಮ್ಮ ಎದುರುಮನೆಯ ಆಂಟಿ ದಸರೆಯ ಗೊಂಬೆಗಳನ್ನು ಪ್ರತಿವರ್ಷ ಒಂದು ಥೀಮ್ ಹಿಡಿದೇ ಕೂರಿಸುತ್ತಿದ್ದರು. ಒಂದು ವರ್ಷ ಮೆಕ್ಸಿಕೊ. ಪಟ್ಟದ ಗೊಂಬೆಗಳ ಪಕ್ಕದಲ್ಲಿ ಅಲ್ಲಿಯ ಕಲಾವಿದರ ಬದುಕನ್ನು ಹೇಳುವ ಮಕ್ಕಳ ಚಿತ್ರಪುಸ್ತಕಗಳು ಸಾಲಾಗಿ ನಿಂತವು. "ಮಕ್ಕಳಿಗೆ ಎಕ್ಸ್‌ಪೋಶರ್ ಬೇಕಲ್ವಾ," ಎನ್ನುತ್ತ, ಅರಿಶಿನ ಕುಂಕುಮಕ್ಕೆ ಬಂದವರನ್ನೆಲ್ಲ ಅವುಗಳ ಮುಂದೆ ನಿಲ್ಲಿಸಿ ಫೋಟೊ ತೆಗೆದರು.

ನನ್ನ ಮಗಳು ಒಂದು ಪುಸ್ತಕ ಎತ್ತಿಕೊಂಡು ಪುಟ ತೆರೆದಳು. ಆಂಟಿ ನಗುತ್ತಲೇ ಕಿತ್ತುಕೊಂಡರು. "ಪೂಜೆಗಿಟ್ಟಿರೋದು ಪುಟ್ಟಿ, ಓದಬಾರದು."

ಹಬ್ಬ ಮುಗಿದ ಮರುದಿನ ಪುಸ್ತಕಗಳೆಲ್ಲ ಅಂಗಡಿಗೆ ರಿಟರ್ನ್ ಆದವು. ಪೂಜೆಯ ಭರದಲ್ಲಿ ಮುಖಪುಟದ ಮೇಲಿದ್ದ ಕಲಾವಿದೆಯ ಹಣೆಗೆ ಆಂಟಿ ಕುಂಕುಮ ಇಟ್ಟಿದ್ದ ಒಂದನ್ನು ಮಾತ್ರ ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಸಂಜೆ ಆಂಟಿ ಅದನ್ನು ತಂದು ಮಗಳ ಕೈಗಿಟ್ಟರು.

"ತಗೋ ಪುಟ್ಟಿ, ನಿನಗೂ ಎಕ್ಸ್‌ಪೋಶರ್ ಬೇಕಲ್ವಾ."