ಭಾವನ ಕಣ್ಣಳತೆ

ನಮ್ಮ ಭಾವ ಟೈಲರ್. ಅಕ್ಕನ ಗಂಡ ಎನ್ನುವ ಒಂದೇ ಕಾರಣಕ್ಕೆ ಅವರ ಜಂಬವನ್ನು ನಾನು ಮೂವತ್ತು ವರ್ಷದಿಂದ ಸಹಿಸಿಕೊಂಡು ಬಂದಿದ್ದೇನೆ. ಗಿರಾಕಿ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲೇ, "ಎದೆ ನಲವತ್ತು, ತೋಳು ಇಪ್ಪತ್ನಾಲ್ಕೂವರೆ, ಎಡಭುಜ ಸ್ವಲ್ಪ ಇಳಿದಿದೆ" ಎಂದು ಹೇಳಿಬಿಡುತ್ತಿದ್ದರು. ಕೊರಳಲ್ಲಿದ್ದ ಟೇಪು ಬರೀ ಅಲಂಕಾರಕ್ಕೆ.

ಈ ಕಣ್ಣಳತೆಯನ್ನು ಅವರು ಟೆನಿಸ್‌ಗೂ ಎಳೆದು ತಂದರು. ವರ್ಷಕ್ಕೊಮ್ಮೆ ಹುಲ್ಲಿನ ಅಂಗಳದಲ್ಲಿ ನಡೆಯುವ ಆ ದೊಡ್ಡ ಟೂರ್ನಿ ಶುರುವಾಯಿತೆಂದರೆ ಅಂಗಡಿಯ ಟಿವಿ ಮುಂದೆ ಅರ್ಧ ಬೀದಿ ಸೇರುತ್ತದೆ. ಭಾವ ಕತ್ತರಿ ಹಿಡಿದು ಭವಿಷ್ಯ ನುಡಿಯುತ್ತಾರೆ. "ಇವನ ಚಡ್ಡಿ ಸೊಂಟದ ಹತ್ರ ಹೋದ ವರ್ಷಕ್ಕಿಂತ ಒಂದಿಂಚು ಸಡಿಲ ಆಗಿದೆ. ಹೊಟ್ಟೆ ಕೆಟ್ಟಿದೆ. ಮೂರನೇ ಸುತ್ತು ದಾಟಲ್ಲ." ಅವನು ದಾಟುತ್ತಲೂ ಇರಲಿಲ್ಲ! ಪಕ್ಕದ ಸಲೂನಿನವರದು ಬೇರೆ ಲೆಕ್ಕಾಚಾರ. ಪಂದ್ಯದ ಹಿಂದಿನ ದಿನ ಕಟಿಂಗ್ ಮಾಡಿಸಿಕೊಂಡವನು ಸೋಲುತ್ತಾನೆ ಎನ್ನುವುದು ಅವರ ಸಿದ್ಧಾಂತ. ಹತ್ತು ವರ್ಷದಲ್ಲಿ ಅದು ಒಮ್ಮೆಯೂ ನಿಜವಾಗಿಲ್ಲ, ಅವರು ಪಟ್ಟು ಬಿಟ್ಟಿಲ್ಲ.

ಈ ವರ್ಷ ಮಾತ್ರ ಹೊಲಿದುಕೊಟ್ಟ ಬಟ್ಟೆಗಳು ವಾಪಸ್ ಬರತೊಡಗಿದವು. ಒಬ್ಬರ ಅಂಗಿಯಲ್ಲಿ ಬಲತೋಳು ಗಿಡ್ಡ. "ನಿಮ್ಮ ಕೈಯೇ ಬೆಳೆದಿದೆ" ಎಂದರು ಭಾವ, ಐವತ್ತೆಂಟು ವರ್ಷದ ಮನುಷ್ಯನಿಗೆ. ಬ್ಯಾಂಕಿನ ಮ್ಯಾನೇಜರ ಅಂಗಿಗೆ ಜೇಬು ಬೆನ್ನಿನ ಮೇಲಿತ್ತು. ಅದು ಹೊಸ ಫ್ಯಾಷನ್ನಂತೆ.

ಅಂಗಡಿಯಲ್ಲಿ ಕಾಜಾ ಮತ್ತು ಗುಂಡಿಯ ಕೆಲಸ ಅಕ್ಕನದು. ಭಾವ ಸೂಜಿಗೆ ದಾರ ಪೋಣಿಸಲಾಗದೆ ಒದ್ದಾಡುವುದನ್ನು ಅವಳು ತಿಂಗಳುಗಟ್ಟಲೆ ನೋಡಿ ಸುಮ್ಮನಿದ್ದಳು. ಕೊನೆಗೆ ತಡೆಯಲಾರದೆ, "ರೀ, ಕಣ್ಣಿನ ಆಸ್ಪತ್ರೆಗೆ ಹೋಗಿಬರೋಣ" ಎಂದಳು.

"ಹೋದ್ರೆ ಪೊರೆ ಅಂತಾರೆ, ಆಪರೇಷನ್ ಅಂತಾರೆ. ಹೆಚ್ಚುಕಮ್ಮಿ ಆದ್ರೆ? ಕತ್ತರಿ ಬಿಟ್ಟು ಕೈಕಟ್ಟಿ ಕೂತ್ಕೊಳ್ಳಲಾ?"

"ಹೀಗೇ ಬಿಟ್ರೆ ಮುಂದಿನ ಸಲ ಜೇಬು ಪ್ಯಾಂಟಿನ ಒಳಗಡೆ ಹೊಲೀತೀರ."

ಭಾವನಿಗೆ ರೇಗಿತು. ಸೆಮಿಫೈನಲ್ ನೋಡಲು ಸೇರಿದ್ದವರ ಮುಂದೆಯೇ ಶಪಥ ಮಾಡಿಬಿಟ್ಟರು. "ಫೈನಲ್‌ನಲ್ಲಿ ಕಾಲರ್ ಗೆಲ್ತಾನೆ, ನನ್ನ ಕಣ್ಣು ಹೇಳ್ತಿದೆ. ಸೋತ್ರೆ ಮಾರನೇ ದಿನವೇ ಆಸ್ಪತ್ರೆಗೆ ಬರ್ತೀನಿ. ಗೆದ್ರೆ ಈ ಅಂಗಡೀಲಿ ಕಣ್ಣಿನ ಮಾತು ಯಾರೂ ಎತ್ತಬಾರದು."

ಕಾಲರ್ ಎಂಬುದು ಭಾವ ಇಟ್ಟ ಹೆಸರು. ಆ ಟೂರ್ನಿಯಲ್ಲಿ ಎಲ್ಲರೂ ಬಿಳಿ ಬಟ್ಟೆಯನ್ನೇ ಹಾಕಬೇಕು. ಹಾಗಾಗಿ ಫೈನಲ್‌ಗೆ ಬಂದ ಇಬ್ಬರಲ್ಲಿ ಕಾಲರ್ ಇರುವ ಅಂಗಿ ತೊಟ್ಟವನು ಕಾಲರ್, ದುಂಡು ಕುತ್ತಿಗೆಯ ಅಂಗಿಯವನು ರೌಂಡ್‌ನೆಕ್.

ಪಾಪ, ಅಕ್ಕನ ಪಾಡು ಕೇಳುವುದೇ ಬೇಡ. ಕಾಲರ್ ಎಂದರೆ ಅವಳಿಗೆ ಪ್ರಾಣ. ಹನ್ನೆರಡು ವರ್ಷದಿಂದ ಅವನು ಸೋತ ದಿನವೆಲ್ಲ ಅಂಗಡಿಯ ಕಾಜಾಗಳು ಸೊಟ್ಟಗಾಗಿವೆ. ಈಗ ಗಂಡನ ಕಣ್ಣು ಉಳಿಯಬೇಕಾದರೆ ಅದೇ ಕಾಲರ್ ಸೋಲಬೇಕು.

ಫೈನಲ್ ಸಂಜೆ ಶುರುವಾಯಿತು. ಅಕ್ಕ ಸ್ಟೂಲಿನ ಮೇಲೆ ಕೂತು ಗುಂಡಿ ಹೊಲಿಯುತ್ತಿದ್ದಳು. ಕಾಲರ್ ಒಳ್ಳೆಯ ಹೊಡೆತ ಹೊಡೆದಾಗಲೆಲ್ಲ ಚಪ್ಪಾಳೆಗೆಂದು ಎದ್ದ ಅವಳ ಕೈಗಳು ಇಲ್ಲದ ಸೊಳ್ಳೆಯನ್ನು ಹೊಡೆದು ಕೆಳಗಿಳಿಯುತ್ತಿದ್ದವು. ಭಾವ, "ನಮ್ಮ ಕಾಲರ್ ಭುಜ ನೋಡ್ರಿ, ಭುಜ!" ಎಂದು ಕತ್ತರಿ ತೋರಿಸುತ್ತಿದ್ದರು. ಆಟಗಾರರು ಬದಿ ಬದಲಿಸಿದರೂ ಕತ್ತರಿ ಮಾತ್ರ ಟಿವಿಯ ಕೆಳತುದಿಯನ್ನೇ ತೋರಿಸುತ್ತಿತ್ತು. ನಾನು ಅದನ್ನು ಕಂಡೆ, ಆದರೆ ಆಟದ ಬಿಸಿಯಲ್ಲಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಸಲೂನಿನವರು ಐದನೇ ಸೆಟ್ ಶುರುವಾದಾಗ ಒಬ್ಬ ಗಿರಾಕಿಯ ಅರ್ಧ ಗಡ್ಡವನ್ನಷ್ಟೇ ಬೋಳಿಸಿ ಓಡಿಬಂದಿದ್ದರು.

ಕಾಲರ್ ಗೆದ್ದ. ಭಾವನಿಗೆ ಕೊಂಬು ಬಂದಂತಾಯಿತು. ಟೇಪನ್ನು ಗಾಳಿಯಲ್ಲಿ ಬೀಸಿ ಕುಣಿದರು. ಅಕ್ಕ ತಲೆ ಎತ್ತಲಿಲ್ಲ. ಅವಳ ಕಣ್ಣಿಂದ ಒಂದು ಹನಿ ಕೈಯಲ್ಲಿದ್ದ ಅಂಗಿಯ ಮೇಲೆ ಬಿತ್ತು. ನನಗೆ ಭಾವನ ಮೇಲೆ ಕೆಟ್ಟ ಕೋಪ ಬಂತು.

ಬಹುಮಾನ ಕೊಡುವ ಹೊತ್ತಾಯಿತು. ಆಟಗಾರರಿಬ್ಬರೂ ಅಕ್ಕಪಕ್ಕ ನಿಂತಿದ್ದರು. ಭಾವ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಟಿವಿಯ ಗಾಜಿನ ಮೇಲೆ ಒಬ್ಬನ ಸುತ್ತ ಗೆರೆ ಎಳೆದರು. "ನೋಡ್ರಿ ನಮ್ಮ ಹುಡುಗನ್ನ! ಆ ಕಾಲರ್ ಹೇಗೆ ಕೂತಿದೆ, ನಾನೇ ಹೊಲಿದ ಹಾಗೆ!"

ಗೆರೆಯೊಳಗೆ ನಿಂತಿದ್ದವನು ರೌಂಡ್‌ನೆಕ್.

"ಅಯ್ಯೋ ಮಾಸ್ಟರೇ, ಅವನು..." ಎಂದು ಸಲೂನಿನವರು ಬಾಯಿ ತೆರೆದರು. ಅಕ್ಕ ಸೂಜಿ ಹಿಡಿದ ಕೈಯನ್ನು ಎತ್ತಿ ಅವರನ್ನೇ ದುರುಗುಟ್ಟಿಕೊಂಡು ನೋಡಿದಳು. ಇಂಥದೊಂದು ಅವಕಾಶಕ್ಕೆ ಹತ್ತು ವರ್ಷ ಕಾದಿದ್ದ ಮನುಷ್ಯ ಬಾಯಿ ಮುಚ್ಚಿಕೊಂಡರು. ಅಂದಿನಿಂದ ನನಗೆ ಅವರ ಮೇಲೆ ಗೌರವ.

ಅಷ್ಟರಲ್ಲಿ ಗೆರೆಯ ಹೊರಗಿದ್ದವನು ಕಪ್ ಎತ್ತಿ ಹಿಡಿದ.

ಭಾವನ ಕುಣಿತ ನಿಂತಿತು. ಒಂದು ಹೆಜ್ಜೆ ಮುಂದೆ ಹೋದರು, ಇನ್ನೊಂದು ಹೆಜ್ಜೆ, ಕೊನೆಗೆ ಮೂಗು ಗಾಜಿಗೆ ತಾಗುವಷ್ಟು ಹತ್ತಿರ. ಮೂವತ್ತು ವರ್ಷ ಕಾಲರ್ ಹೊಲಿದ ಮನುಷ್ಯ ಆಗ ಆ ಕಾಲರನ್ನು ಕಂಡರು. ಭಾವ ತಮ್ಮ ಅಂಗಿಯ ತೋಳಿನಿಂದ ಸೀಮೆಸುಣ್ಣದ ಗೆರೆಯನ್ನು ನಿಧಾನವಾಗಿ ಒರೆಸಿದರು.

"ಎಷ್ಟು ಗಂಟೆಗೆ ತೆಗೀತಾರೆ?" ಎಂದರು, ಯಾರ ಮುಖವನ್ನೂ ನೋಡದೆ.

"ಏನನ್ನ?" ಎಂದರು ಸಲೂನಿನವರು.

"ಅದೇ... ಮಾತು ಎತ್ತಬಾರದು ಅಂದಿದ್ನಲ್ಲ, ಅದರ ಆಸ್ಪತ್ರೆ."

ಅಕ್ಕ ಗುಂಡಿ ಡಬ್ಬಿಯ ತಳದಿಂದ ಮಡಿಸಿದ ಚೀಟಿಯೊಂದನ್ನು ತೆಗೆದಳು. "ನಾಳೆ ಬೆಳಿಗ್ಗೆ ಎಂಟಕ್ಕೆ. ನೀವು ಶಪಥ ಮಾಡಿದ ದಿನಾನೇ ಹೆಸರು ಬರೆಸಿದ್ದೀನಿ."

"ಕಾಲರ್ ಗೆದ್ರೆ ಏನ್ಮಾಡ್ಬೇಕು ಅಂತಿದ್ದೆ?"

"ಗೆದ್ದಿದ್ದಾನಲ್ರೀ."

ಭಾವ ಚೀಟಿಯನ್ನು ಕೈಗೆ ತೆಗೆದುಕೊಂಡರು. "ಭಯ ಆಗತ್ತೆ ಕಣೇ" ಎಂದರು.

"ಆಗ್ಲಿ ಬಿಡಿ, ನಾನೂ ಬರ್ತೀನಲ್ಲ."

ಆಮೇಲೆ ಅಕ್ಕ ಅಂಗಿಯನ್ನು ಮಡಿಸಿಟ್ಟಳು, ಸೂಜಿಯನ್ನು ಜೋಪಾನವಾಗಿ ದಾರದ ಉಂಡೆಗೆ ಚುಚ್ಚಿದಳು, ಸ್ಟೂಲಿನ ಮೇಲೆ ಹತ್ತಿ ನಿಂತಳು. ನಾಲ್ಕೂವರೆ ಗಂಟೆ ಅದುಮಿಟ್ಟುಕೊಂಡಿದ್ದೆಲ್ಲ ಒಮ್ಮೆಗೇ ಹೊರಬಂತು.

"ಗೆದ್ದ ಕಣ್ರೋ ನಮ್ಮ ಕಾಲರ್!"

ಪಕ್ಕದ ಸಲೂನಿನಿಂದ ಅರ್ಧ ಗಡ್ಡದ ಗಿರಾಕಿ ಬೆಂಕಿ ಬಿತ್ತೆಂದುಕೊಂಡು ಬೀದಿಗೆ ಓಡಿಬಂದ.