ನಾಕಾದವರೋ, ಯೂನಿಯನ್ನಿನವರೋ

ಪರೇಲಿನಲ್ಲಿ ಅಂಗಡಿ, ಆಫೀಸುಗಳ ಸಣ್ಣ ಬಿಲ್ಡಿಂಗೊಂದರ ಕಂತ್ರಾಟು ನನಗೆ ಸಿಕ್ಕಿತು. ಅಲ್ಲಿಯವರೆಗೆ ಬಾತ್‌ರೂಮ್ ಒಡೆಯುವುದು, ಟೈಲ್ಸ್ ಕೂರಿಸುವುದು ಇಂಥ ಚಿಲ್ಲರೆ ಕೆಲಸಗಳಲ್ಲೇ ಕಾಲ ಹಾಕಿದ್ದೆ. ಆಳುಗಳನ್ನು ಯೂನಿಯನ್ನಿನಿಂದ ತರುತ್ತೀರೋ ನಾಕಾದಿಂದ ತರುತ್ತೀರೋ ನಿಮಗೆ ಬಿಟ್ಟದ್ದು ಎಂದರು ಮಾಲೀಕರು. ಹಾಗಂದವರಿಗೇನು, ನಿದ್ದೆ ಕೆಟ್ಟದ್ದು ನನ್ನದು.

ಧಾರಾವಿಯ ನಾಕಾದಲ್ಲಿ, ಅಂದರೆ ರಸ್ತೆಗಳು ಕೂಡುವ ಕಡೆ, ಬೆಳಿಗ್ಗೆ ಕೂಲಿಗಾಗಿ ನಿಲ್ಲುವವರಲ್ಲಿ ಬಹಳ ಜನ ನಮ್ಮ ಕಡೆಯವರು, ವಿಜಯಪುರ, ಕಲಬುರಗಿಯವರು. ಅವರನ್ನು ಕರೆಯುವುದು ಜೋಡಿಯಾಗಿ: ಗಂಡ ಗಾರೆ ಕೆಲಸಕ್ಕೆ, ಹೆಂಡತಿ ಬುಟ್ಟಿ ಹೊರಲಿಕ್ಕೆ. ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಅಲ್ಲೇ ನಿಲ್ಲುತ್ತಿದ್ದಳು. ನನ್ನ ಸಣ್ಣ ಕೆಲಸಗಳಿಗೆಲ್ಲ ಬರುತ್ತಿದ್ದದ್ದು ಅವಳ ಗುಂಪೇ. ಯೂನಿಯನ್ನಿನವರನ್ನು ಕರೆದರೆ ಇವರ ಹೊಟ್ಟೆಯ ಮೇಲೆ ಹೊಡೆದಂತೆ. ಇವರನ್ನು ಕರೆದರೆ, ಮೇಲಿನಿಂದ ಯಾರಾದರೂ ಜಾರಿ ಬಿದ್ದಾಗ ಕೇಳುವವರಿಲ್ಲ.

ಒಂದು ಸಂಜೆ ಚಿಗವ್ವನೇ ಮನೆಗೆ ಬಂದಳು. ಕೆಲಸ ಕೇಳಲು ಬಂದಿದ್ದಾಳೆಂದು ಮುಖ ಗಂಟಿಕ್ಕಿಕೊಂಡೇ ಚಹಾ ಇಟ್ಟೆ.

"ಯೂನಿಯನ್ನದವ್ರನ್ನ ಕರಿ," ಅಂದಳು. "ನಿಮ್ಮವ್ವ ಬುಟ್ಟಿ ಹೊರೂಮುಂದ ಬಿದ್ದು ಸೊಂಟ ಮುರಕೊಂಡಾಗ ಈಕಿ ನಮ್ಮ ಆಳು ಅನ್ನಾಕ ಒಬ್ಬ ಕಂತ್ರಾಟದಾರನೂ ಬರಲಿಲ್ಲ. ಹಾಸಿಗಿ ಮ್ಯಾಲೇ ಸತ್ಲು."

"ಮತ್ತ ನೀವೆಲ್ಲಾ?"

"ನಾವೂ ಅದರಾಗ ಸೇರ್ತೀವಿ. ಇವ್ರು ನನ್ನ ಕಡೆ ದುಡದಾರ ಅಂತ ಯಾರರ ಕಂತ್ರಾಟದಾರ ಹೇಳಬೇಕಂತ. ದಿನಾ ಒಬ್ಬನ ಹಿಂದ ಹೋಗೋ ನಮ್ಮ ಸಲುವಾಗಿ ಯಾವನು ಹೇಳ್ತಾನ? ನೀ ಹೇಳವಾ."

ನನಗೆ ಸಿಟ್ಟೇ ಬಂತು. ನಾನು ಅಷ್ಟು ದಿನ ತಲೆ ಕೆಡಿಸಿಕೊಂಡದ್ದನ್ನು ಈಕೆ ಚಹಾ ಆರುವುದರೊಳಗೆ ಮುಗಿಸಿಬಿಟ್ಟಿದ್ದಳು.

ಮರುದಿನ ಯೂನಿಯನ್ ಆಫೀಸಿಗೆ ಹೋದೆ. ಅಲ್ಲಿಯ ಮುಖಂಡರು ಮರಾಠಿಯವರು, ಬಾಯಿ ಒರಟು, ಮನಸ್ಸು ಮೆತ್ತಗೆ. ಇವರೆಲ್ಲ ನನ್ನಲ್ಲಿ ದುಡಿದವರು, ಜೋಡಿಯಾಗಿ ದುಡಿದವರನ್ನು ಜೋಡಿಯಾಗಿಯೇ ಸೇರಿಸಿಕೊಳ್ಳಬೇಕು ಎಂದೆ. ಗಂಡನ ಹೆಸರಿದ್ದರೆ ಸಾಲದೇ ಎಂದು ಪಕ್ಕದಲ್ಲಿದ್ದವನು ಗೊಣಗಿದ. ಬುಟ್ಟಿ ಗಂಡನ ತಲೆಯ ಮೇಲಿರುತ್ತದೆಯೇ ಎಂದು ಕೇಳಿದೆ. ಮುಖಂಡರು ನಕ್ಕು, ಹೆಂಗಸರನ್ನೂ ಸೇರಿಸಿಕೊಂಡರು. ಆ ಮನುಷ್ಯನಿಗೆ ಎಷ್ಟು ಸಲ ಕೈಮುಗಿದರೂ ನನಗೆ ಸಮಾಧಾನವಿಲ್ಲ.

ಬಿಲ್ಡಿಂಗು ಅರ್ಧ ಎದ್ದಿದ್ದಾಗ ಚಿಗವ್ವ ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಳು. ಯಾರೋ ಮುಖಂಡರಿಗೆ ಫೋನ್ ಮಾಡಿದ್ದರು. ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರೂ ಬಂದರು. ಕೌಂಟರಿನಲ್ಲಿದ್ದವನು ಈಕೆ ಯಾರ ಆಳು ಎಂದು ತಲೆ ಎತ್ತದೆ ಹಿಂದಿಯಲ್ಲಿ ಕೇಳಿದ, "ಕಿಸ್ಕೀ ಲೇಬರ್ ಹೈ?"

"ಮೇರೀ," ನನ್ನ ಆಳು ಎಂದೆ.

"ಹಮಾರೀ," ನಮ್ಮ ಆಳು ಎಂದರು ಮುಖಂಡರು, ನನ್ನ ಮಾತು ಮುಗಿಯುವ ಮೊದಲೇ.

ಅಲ್ಲಿಯವರೆಗೆ ತುಟಿ ಕಚ್ಚಿಕೊಂಡು ಸ್ಟ್ರೆಚರಿನ ಮೇಲೆ ಮಲಗಿದ್ದ ಚಿಗವ್ವ ಬಿಕ್ಕಿ ಬಿಕ್ಕಿ ಅಳತೊಡಗಿದಳು. ನೋವು ಹೆಚ್ಚಾಯಿತೇನೋ ಎಂದು ಗಾಬರಿಯಿಂದ ಬಗ್ಗಿದೆ.

"ಅಕ್ಕ ಇದನ್ನ ಕೇಳಬೇಕಿತ್ತವಾ," ಅಂದಳು.