ಚಕ್ರಣ್ಣ ಬೆನ್ನುಹತ್ತಿದ ಚುಕ್ಕೆ

ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾನೆ ಎಂದು ಅವನ ತಾಯಿ ಹೇಳುತ್ತಿದ್ದಳಂತೆ. ಆ ಮಾತು ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತೆಂದರೆ, ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿಯಲಿಲ್ಲ. ಊರಿಗೆಲ್ಲ ಅವನು ಚಕ್ರಣ್ಣ. ಕೆಲಸವೂ ಹೇಳಿ ಮಾಡಿಸಿದ ಹಾಗೆ ಸಿಕ್ಕಿತು ನೋಡಿ. ಮೊಬೈಲ್ ಟವರುಗಳೆಂದರೆ ನಿಂತಲ್ಲೇ ನಿಲ್ಲುವ ಜಾತಿ. ಆದರೆ ಇವನ ಕಂಪನಿಯ ಹತ್ತಿರ ಗಾಲಿ ಇರುವ ಟವರೂ ಒಂದಿದೆ. ಎಲ್ಲಿ ಜನ ಸೇರುತ್ತಾರೋ, ಎಲ್ಲಿ ಕಟ್ಟಿದ ಟವರು ಕೆಟ್ಟು ಕೂರುತ್ತದೋ, ಅಲ್ಲಿಗೆ ಅದನ್ನು ವ್ಯಾನಿಗೆ ಸಿಕ್ಕಿಸಿ ಎಳೆದೊಯ್ಯಬೇಕು. ಕಂಬ ಎತ್ತಿ, ನಾಲ್ಕೂ ಕಡೆ ತಂತಿ ಬಿಗಿದು, ಜನರೇಟರ್ ಚಾಲೂ ಮಾಡಿ, ಪಕ್ಕದಲ್ಲಿ ಕಾವಲು ಕೂರಬೇಕು.

ಕೂರಬೇಕು ಎಂದೆನೆ? ತಪ್ಪಾಯಿತು. ಅವನು ಕೂತದ್ದನ್ನು ಕಂಡವರಿಲ್ಲ. ಚಹಾ ಕುಡಿಯುವುದೂ ಅಡ್ಡಾಡುತ್ತಲೇ. ಕ್ಷೌರದವನಿಗಂತೂ ಅವನ ತಲೆ ಹಿಡಿದುಕೊಳ್ಳುವುದರಲ್ಲೇ ಸಾಕುಸಾಕಾಗುತ್ತಿತ್ತು. ಹೆಂಡತಿ ಕಿಟಕಿಯ ಪಕ್ಕ ಮಿಷನ್ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದರೆ, ಅವಳ ಬೆನ್ನ ಹಿಂದೆ ಬಾಗಿಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಗಿಲಿಗೆ ಇವನ ಮೆರವಣಿಗೆ.

"ರೀ, ಅಂಡು ಸುಟ್ಟ ಬೆಕ್ಕಿನ ಹಾಗೆ ಯಾಕೆ ಆಡ್ತೀರಿ? ನಿಮ್ಮನ್ನ ನೋಡಿ ನನ್ನ ಕಾಲರ್ ಎಲ್ಲ ಸೊಟ್ಟ ಆಗ್ತಿದೆ."

"ಕಾಲರ್ ಸೊಟ್ಟ ಆದ್ರೆ ಮಕ್ಕಳು ಕತ್ತು ಸೊಟ್ಟ ಮಾಡ್ಕೋತಾರೆ ಬಿಡೇ" ಎಂದು ಅವನು ಇನ್ನೊಂದು ಸುತ್ತು ಹೊರಡುತ್ತಿದ್ದ.

ಇವರಿಗೆ ಒಬ್ಬಳೇ ಮಗಳು. ಓದು ಮುಗಿಸಿ ಪೇಟೆಯ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಸೇರಿದಳು. ಅವಳು ಹೊಸ್ತಿಲು ದಾಟಿದ್ದೇ ತಡ, ಇವನ ಕಾಲಿನ ಚಡಪಡಿಕೆ ಎದೆಗೆ ಹತ್ತಿತು. ಬಸ್ಸು ಸಿಕ್ಕಿತೋ, ತಲುಪಿದಳೋ, ಯಾರ ಹತ್ತಿರ ಮಾತಾಡಿದಳೋ. ಕೊನೆಗೆ ಅವಳ ಮೊಬೈಲಿನಲ್ಲಿ ಏನೋ ಒಂದು ಒತ್ತಿ, ಅವಳಿರುವ ಜಾಗ ತನ್ನ ಮೊಬೈಲಿನ ನಕ್ಷೆಯಲ್ಲಿ ನೀಲಿ ಚುಕ್ಕೆಯಾಗಿ ಕಾಣುವ ಹಾಗೆ ಮಾಡಿಕೊಂಡ.

"ನನ್ನ ಮೇಲೆ ನಂಬಿಕೆ ಇಲ್ವಾ ಅಪ್ಪ?"

"ನಿನ್ನ ಮೇಲೆ ಇದೆ ಕಣೇ, ಊರಿನ ಮೇಲೆ ಇಲ್ಲ."

ಎಲ್ಲ ಅಪ್ಪಂದಿರ ನಾಲಿಗೆಯ ತುದಿಯಲ್ಲೂ ಸಿದ್ಧವಾಗಿರುವ ಮಾತು ಇದು, ಹೊಸದೇನಲ್ಲ. ಮಗಳು ಮುಖ ಊದಿಸಿಕೊಂಡೇ ಒಪ್ಪಿದಳು. "ನೋಡ್ಕೋ. ಆದ್ರೆ ಏನಾದ್ರೂ ಅನುಮಾನ ಬಂದ್ರೆ ಮೊದ್ಲು ನನ್ನ ಕೇಳ್ಬೇಕು. ಆ ಚುಕ್ಕೇನ ಅಲ್ಲ." ಅವನು ಅವಳ ತಲೆ ಮುಟ್ಟಿ ಮಾತು ಕೊಟ್ಟ.

ಆ ಚುಕ್ಕೆಯ ಬಂಡವಾಳ ಚಕ್ರಣ್ಣನಿಗೆ ಗೊತ್ತಿಲ್ಲದ್ದೇನಲ್ಲ. ಮೊಬೈಲಿಗೆ ತಾನು ಎಲ್ಲಿದ್ದೇನೆ ಎಂಬುದು ತನ್ನಷ್ಟಕ್ಕೆ ತಿಳಿಯುವುದಿಲ್ಲ. ಮೊದಲು ಆಕಾಶದ ಉಪಗ್ರಹಗಳನ್ನು ಕೇಳುತ್ತದೆ. ಅಲ್ಲಿಂದ ಉತ್ತರ ಬರದಿದ್ದರೆ ಸುತ್ತಲಿನ ಟವರುಗಳ ಸದ್ದಿಗೆ ಕಿವಿಗೊಡುತ್ತದೆ. ಪ್ರತಿ ಟವರಿಗೂ ಒಂದು ನಂಬರು, ಆ ನಂಬರಿನ ಟವರು ಇಂಥ ಕಡೆ ನಿಂತಿದೆ ಎಂದು ಎಲ್ಲೋ ದೂರದ ಕಂಪ್ಯೂಟರಿನಲ್ಲಿ ದಾಖಲೆ. ಮೂರು ನಾಲ್ಕು ಟವರು ಕೇಳಿಸಿದರೆ ಯಾವುದು ಎಷ್ಟು ದೂರ ಎಂದು ಹೋಲಿಸಿ ಜಾಗವನ್ನು ಸುಮಾರಾಗಿ ಹಿಡಿಯಬಹುದು. ಒಂದೇ ಕೇಳಿಸಿದರೆ ಆ ಟವರು ಎಲ್ಲಿದೆಯೋ ತಾನೂ ಅಲ್ಲೇ ಎಂದು ಮೊಬೈಲು ನಂಬಿಬಿಡುತ್ತದೆ. ಮಗಳ ಮೊಬೈಲು ಒಮ್ಮೆ ನೀರಿನ ಬಕೆಟ್ಟಿಗೆ ಬಿದ್ದು ಎದ್ದದ್ದು. ಅಂದಿನಿಂದ ಅದಕ್ಕೆ ಉಪಗ್ರಹದ ಸಂಬಂಧ ಕಡಿದುಹೋಗಿತ್ತು, ಏನಿದ್ದರೂ ಟವರೇ ಗತಿ.

ಈಗ ನೀವೇ ಯೋಚಿಸಿ, ಆ ಟವರಿಗೇ ಗಾಲಿ ಇದ್ದರೆ? ಗುರುತಿಗೆಂದು ಹೇಳಿದ ಅಂಗಡಿಯೇ ಬೇರೆ ಬೀದಿಗೆ ಹೋಗಿ ಕೂತ ಹಾಗೆ. ಅದಕ್ಕೇ ಕಂಪನಿಯಲ್ಲಿ ಒಂದು ಕಟ್ಟಳೆ. ಹೊಸ ಜಾಗದಲ್ಲಿ ಕಂಬ ಎತ್ತಿದ ಕೂಡಲೇ ಮೊದಲು ಕಂಟ್ರೋಲ್ ರೂಮಿಗೆ ಫೋನು ಮಾಡಿ ಜಾಗ ಹೇಳಬೇಕು, ಆಮೇಲೆ ಸಿಗ್ನಲ್ ಬಿಡಬೇಕು. ಚಕ್ರಣ್ಣ ಮಾಡುತ್ತಿದ್ದದ್ದು ಉಲ್ಟಾ. ಸುತ್ತ ನಿಂತ ಜನ "ಏನಣ್ಣ, ಇನ್ನೂ ಬಂದಿಲ್ವಲ್ಲ ಸಿಗ್ನಲ್ಲು" ಎಂದು ಪ್ರಾಣ ತಿನ್ನುವಾಗ ಯಾರಿಗೆ ಬೇಕು ಕಟ್ಟಳೆ? ಮೊದಲು ಸಿಗ್ನಲ್ ಬಿಡು, ಜಾಗ ಸಂಜೆ ಹೇಳಿದರಾಯಿತು. ಹೇಳಿದರೂ ಆ ದೂರದ ಕಂಪ್ಯೂಟರುಗಳೆಲ್ಲ ಎಚ್ಚೆತ್ತುಕೊಳ್ಳಲು ಒಂದೆರಡು ದಿನ ಬೇಕೇ ಬೇಕು. ಆ ನಡುವೆ ನಡೆಯುವ ಫಜೀತಿ ಅವನಿಗೆ ತಮಾಷೆ. ಸಂತೆ ಮೈದಾನದಲ್ಲಿ ನಿಂತು ಟ್ಯಾಕ್ಸಿ ಕರೆದವನಿಗೆ ಟ್ಯಾಕ್ಸಿ ಸುಡುಗಾಡಿನ ಗೇಟಿಗೆ ಹೋಗಿ ಹಾರ್ನ್ ಹೊಡೆದ ಕಥೆಯನ್ನು ಅವನು ನಗುತ್ತಾ ಹೇಳುತ್ತಿದ್ದ.

"ನಗಪ್ಪ, ನಗು" ಎಂದು ಕಂಟ್ರೋಲ್ ರೂಮಿನ ಅಕ್ಕ ಬಯ್ಯುತ್ತಿದ್ದಳು. "ನಿನ್ನ ಬುಡಕ್ಕೆ ಬಂದಾಗ ಗೊತ್ತಾಗುತ್ತೆ."

ಊರಾಚೆ ಹಳೆಯ ಇಟ್ಟಿಗೆ ಗೂಡಿನ ಹಿಂದಿನ ಬಯಲಿನಲ್ಲಿ ಮೋಟಾರ್ ಬೈಕಿನ ಪಂದ್ಯ ನಡೆಯಿತು. ಅದು ಮುಗಿಯುವ ತನಕ ಚಕ್ರಣ್ಣನ ಟವರು ಅಲ್ಲೇ. ಅದು ಮುಗಿದ ರಾತ್ರಿಯೇ ದೊಡ್ಡಾಸ್ಪತ್ರೆಯ ಸುತ್ತಲಿನ ಟವರುಗಳ ಕೇಬಲ್ಲನ್ನು ರಸ್ತೆ ಅಗೆಯುವವರು ಕಡಿದುಹಾಕಿದರು. ಬೆಳಿಗ್ಗೆಯೇ ಅವಸರದಲ್ಲಿ ಟವರು ಎಳೆದು ತಂದು ಆಸ್ಪತ್ರೆಯ ಎದುರಿನ ಬಯಲಿನಲ್ಲಿ ನಿಲ್ಲಿಸಿದ. ಸಿಗ್ನಲ್ ಬಿಟ್ಟ. ಕಂಟ್ರೋಲ್ ರೂಮಿಗೆ ಹೇಳಲಿಲ್ಲ. ಟವರಿನ ಸುತ್ತ ಒಂದು ಸುತ್ತು ಹಾಕಿ, ರೂಢಿಯಂತೆ ಮಗಳ ಚುಕ್ಕೆ ನೋಡಿದ.

ಚುಕ್ಕೆ ಅಂಗಡಿಯಲ್ಲಿತ್ತು. ಸರಿ. ಮಧ್ಯಾಹ್ನ ಮತ್ತೆ ನೋಡಿದ. ಚುಕ್ಕೆ ಇಟ್ಟಿಗೆ ಗೂಡಿನಲ್ಲಿತ್ತು.

ಪಂದ್ಯ ಮುಗಿದು ನರಪಿಳ್ಳೆಯೂ ಇಲ್ಲದ ಜಾಗ. ಅಲ್ಲಿ ಇವಳಿಗೇನು ಕೆಲಸ? ಫೋನು ಮಾಡಿದ, ಬಿಜಿ. ಮತ್ತೆ ಮಾಡಿದ, ಬಿಜಿ. ಬಿಟ್ಟೂ ಬಿಡದೆ ಒತ್ತಿದ. ಆಮೇಲೆ ರಿಂಗಾಯಿತು, ಎತ್ತಲಿಲ್ಲ. ಕನ್ನಡಕದ ಅಂಗಡಿಗೆ ಮಾಡಿದ.

"ಯಾರದೋ ಫೋನ್ ಬಂತು ಸಾರ್, ಗಾಬರಿಯಲ್ಲಿ ಬ್ಯಾಗ್ ತಗೊಂಡು ಹೊರಟುಬಿಟ್ಟಳು" ಎಂದ ಅಂಗಡಿಯವನು.

"ಯಾರ ಫೋನು?"

"ನನಗೇನು ಗೊತ್ತು ಸಾರ್?"

ಕಳೆದ ವಾರ ಮೆಟ್ಟಿಲ ಮೇಲೆ ಕೂತು ಮಗಳು ಮೊಬೈಲಿನಲ್ಲಿ ಯಾರೊಂದಿಗೋ ನಗುತ್ತಿದ್ದದ್ದು ಅವನ ಕಣ್ಣ ಮುಂದೆ ಬಂತು. ಅಪ್ಪನನ್ನು ಕಂಡೊಡನೆ ದನಿ ತಗ್ಗಿಸಿದ್ದಳು. ಆಗ ಹೆಂಡತಿ, "ವಯಸ್ಸಿನ ಹುಡುಗಿ, ನಗಲೂಬಾರದೇನ್ರೀ?" ಎಂದಿದ್ದಳು. ಈಗ ಆ ನಗುವಿಗೆ ಅವನ ತಲೆಯಲ್ಲಿ ಒಂದು ಗಂಡು ಮುಖ ಅಂಟಿಕೊಂಡಿತು. ಟವರು, ದಾಖಲೆ, ಗಾಲಿ, ಇಷ್ಟು ವರ್ಷ ಕಲಿತ ವಿದ್ಯೆಯೆಲ್ಲ ಎಲ್ಲಿ ಹೋಯಿತೋ ದೇವರೇ ಬಲ್ಲ! ಸುಡುಗಾಡಿನ ಟ್ಯಾಕ್ಸಿಯ ಕಥೆ ಹೇಳಿ ನಗುತ್ತಿದ್ದ ಅದೇ ಮನುಷ್ಯ ಆಸ್ಪತ್ರೆಯ ವಾಚ್‌ಮನ್ನನಿಗೆ "ಸ್ವಲ್ಪ ಟವರ್ ನೋಡ್ಕೋ" ಎಂದು, ವ್ಯಾನನ್ನು ಕಳಚಿಕೊಂಡು ಇಟ್ಟಿಗೆ ಗೂಡಿನ ಕಡೆಗೆ ಹಾರಿಸಿದ. ದಾರಿಯುದ್ದಕ್ಕೂ ಬಯ್ದ. ಮಗಳನ್ನು ಬಯ್ದ, ಆ ಮುಖವಿಲ್ಲದ ಹುಡುಗನನ್ನು ಬಯ್ದ, ಸಿಗ್ನಲ್ ಲೈಟಿನಲ್ಲಿ ಮುಂದೆ ನಿಂತ ಸ್ಕೂಟರಿನವನನ್ನೂ ಬಿಡಲಿಲ್ಲ.

ಗೂಡಿನ ಬಳಿ ಯಾರೂ ಇರಲಿಲ್ಲ. ಮುರುಕು ಇಟ್ಟಿಗೆ, ಹಾರುವ ಪ್ಲಾಸ್ಟಿಕ್ಕು, ಒಂದು ನಾಯಿ. ಗೂಡಿನ ಒಳಗೆ ಇಣುಕಿದ, ಚಿಮಣಿಯ ಹಿಂದೆ ಹೋಗಿ ನೋಡಿದ, ಗಂಟಲು ಬಿರಿಯುವ ಹಾಗೆ ಮಗಳನ್ನು ಕೂಗಿದ. ಸಿಟ್ಟು ಎಲ್ಲೋ ದಾರಿಯಲ್ಲೇ ಉದುರಿಹೋಗಿ ಈಗ ಬರೀ ಭಯ ಉಳಿದಿತ್ತು. ಯಾರಾದರೂ ಎಳೆದುಕೊಂಡು ಬಂದಿದ್ದರೆ? ಮೊಬೈಲು ಮಾತ್ರ ಇಲ್ಲಿ ಬಿಸಾಡಿದ್ದರೆ? ರಿಂಗಿನ ಸದ್ದು ಕೇಳಿಸೀತೆಂದು ಮತ್ತೊಮ್ಮೆ ಅವಳಿಗೆ ಫೋನು ಮಾಡಲು ಹೋದ.

ಕರೆ ಹೋಗಲಿಲ್ಲ. ಸಿಗ್ನಲ್ ಇರಲಿಲ್ಲ.

ಒಂದು ಗಳಿಗೆ ಮೊಬೈಲನ್ನೇ ನೋಡುತ್ತ ನಿಂತ. ಇಲ್ಲಿದ್ದ ಸಿಗ್ನಲ್ಲನ್ನು ಅವನೇ ಬೆಳಿಗ್ಗೆ ಎಳೆದುಕೊಂಡು ಹೋಗಿದ್ದ. ಇಲ್ಲಿ ಸಿಗ್ನಲ್ಲೇ ಇಲ್ಲದ ಮೇಲೆ ಇಲ್ಲಿಂದ ಅವಳ ಚುಕ್ಕೆ ಮಿನುಗುವುದು ಹೇಗೆ? ಅವಳ ಮೊಬೈಲು ಹಿಡಿದಿರುವುದು ತನ್ನ ಟವರನ್ನೇ, ಹಳೆಯ ಜಾಗವನ್ನು ಹೇಳುತ್ತಿದೆ ಅಷ್ಟೆ. ಅಂದರೆ ಅವಳು ಈಗ ಟವರಿನ ಹತ್ತಿರವೇ ಇದ್ದಾಳೆ. ಟವರಿನ ಹತ್ತಿರ ಏನಿದೆ? ಆಸ್ಪತ್ರೆ. ವ್ಯಾನಿನ ಕಡೆಗೆ ಓಡಿದ.

ವ್ಯಾನು ಮುಖ್ಯರಸ್ತೆ ಮುಟ್ಟಿದ್ದೇ ಮೊಬೈಲು ಬಡಿದುಕೊಂಡಿತು.

"ಅಪ್ಪ! ಎಷ್ಟು ಸಲ ಮಾಡೋದು? ಆಗ ಮಾಡಿದ್ರೆ ಬಿಜಿ, ಈಗ ಮಾಡಿದ್ರೆ ಹೋಗೋದೇ ಇಲ್ಲ. ನಿನ್ನ ಟವರ್ ಕೆಳಗೇ ನಿಂತಿದ್ದೀನಿ, ನೀನೆಲ್ಲಿ?"

"ನಿನಗೇನಾಯ್ತು ಮಗಳೇ?"

"ನನಗಲ್ಲ, ಅಮ್ಮನಿಗೆ. ಹೊಲಿತಾ ಹೊಲಿತಾ ಹೊಟ್ಟೆ ಹಿಡ್ಕೊಂಡು ಬಿದ್ದಿದ್ದಾಳೆ. ಪಕ್ಕದ್ಮನೆ ಆಂಟಿ ನನಗೆ ಫೋನ್ ಮಾಡಿದ್ರು, ಆಟೋದಲ್ಲಿ ಇಲ್ಲಿಗೆ ಕರ್ಕೊಂಡು ಬಂದೆ. ಕರುಳಿನ ಹತ್ರ ಏನೋ ಒಡೆದಿದೆಯಂತೆ, ಈಗಲೇ ಆಪರೇಷನ್ ಮಾಡ್ಬೇಕಂತೆ. ಅಪ್ಪ ಇಲ್ಲೇ ಎದುರಿಗೇ ಇದ್ದಾನೆ, ಕರ್ಕೊಂಡು ಬರ್ತೀನಿ ಅಂತ ಅಮ್ಮನಿಗೆ ಹೇಳಿ ಓಡಿ ಬಂದೆ. ಎಲ್ಲಿಗೆ ಹೋಗಿದ್ದೀಯ?"

"ಇಟ್ಟಿಗೆ ಗೂಡಿನ ಹತ್ರ..."

ಟವರು ಎಳೆಯುವವನ ಮಗಳಲ್ಲವೇ, ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಬೇಗ ಬಾ" ಎಂದು ಇಟ್ಟಳು.

ಅವನು ಬರುವಷ್ಟರಲ್ಲಿ ಹೆಂಡತಿಯನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದ್ದರು. ಹೊರಗಿನ ಬೆಂಚಿನ ಮೇಲೆ ಮಗಳು ಅಮ್ಮನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವನು ಗೋಡೆಯಿಂದ ಗೋಡೆಗೆ ನಡೆದ, ತಿರುಗಿದ, ಮತ್ತೆ ನಡೆದ.

"ಅಪ್ಪ, ಒಂದು ಕೇಳ್ತೀನಿ. ನನಗೆ ಏನೋ ಅಪಾಯ ಆಗಿದೆ ಅಂತ ಓಡಿದ್ಯಾ, ಇಲ್ಲ ಯಾರ ಜೊತೇನೋ ಹೋಗಿದ್ದೀನಿ ಅಂತ ಓಡಿದ್ಯಾ?"

ಒಂದು ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅವನು ನಡೆಯುವುದನ್ನು ನಿಲ್ಲಿಸಿ ಗೋಡೆಯ ಕಡೆ ತಿರುಗಿದ. ಮಗಳ ಕಣ್ಣು ತುಂಬಿತು. ಅವಳು ಮುಖ ತಿರುಗಿಸಿಕೊಂಡು, "ಅಮ್ಮ ಸ್ಟ್ರೆಚರ್ ಮೇಲಿಂದ ತಲೆ ಎತ್ತಿ ಎತ್ತಿ ನೋಡ್ತಿದ್ಲು" ಎಂದಳು. ಚಕ್ರಣ್ಣನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಸಂಜೆಯ ಹೊತ್ತಿಗೆ ಬಾಗಿಲು ತೆರೆಯಿತು. ಗಾಬರಿಯಿಲ್ಲ, ಸರಿಯಾದ ಸಮಯಕ್ಕೆ ತಂದಿರಿ ಎಂದು ಡಾಕ್ಟರಮ್ಮ ಹೇಳಿದರು, ಮಗಳ ಕಡೆ ನೋಡಿಕೊಂಡು. ಹೆಂಡತಿಗೆ ಇನ್ನೂ ಅರೆ ಮಂಪರು. ತುಟಿ ಒಣಗಿತ್ತು. ಮಂಚದ ಈ ಬದಿಗೆ ಮಗಳು, ಆ ಬದಿಗೆ ಅವನು. ಹೆಂಡತಿ ಕಣ್ಣು ತೆರೆದು ಮೊದಲು ಹುಡುಕಿದ್ದು ಅವನನ್ನೇ.

"ಬಂದ್ರಾ... ಯಾವಾಗ ಬಂದ್ರಿ?"

ಹೇಳಿಬಿಡಬೇಕು ಎಂದು ಬಾಯಿ ತೆರೆದ. ಅಷ್ಟರಲ್ಲಿ ಮಗಳು, ಅವನತ್ತ ನೋಡದೆ, ಅಮ್ಮನ ಹೊದಿಕೆ ಸರಿಮಾಡುತ್ತಾ ಹೇಳಿದಳು:

"ನಿನ್ನ ಒಳಗೆ ಕರ್ಕೊಂಡು ಹೋಗೋವಾಗ್ಲೇ ಬಂದನಮ್ಮ. ಆಗಿನಿಂದ ಬಾಗಿಲು ಬಿಟ್ಟು ಅಲ್ಲಾಡಿಲ್ಲ."

"ಗೊತ್ತಿತ್ತು" ಎಂದಳು ಹೆಂಡತಿ. "ಅದಕ್ಕೇ ನನಗೆ ಭಯ ಆಗ್ಲಿಲ್ಲ." ಅವಳು ಅವನ ಬೆರಳು ಹಿಡಿದುಕೊಂಡು ಮತ್ತೆ ಕಣ್ಣು ಮುಚ್ಚಿದಳು. "ಇಲ್ಲೇ ಇದ್ರಿ ತಾನೆ?"

ಚಕ್ರಣ್ಣ ಮಗಳನ್ನು ನೋಡಿದ. ಅವಳು ಹೊದಿಕೆಯಿಂದ ತಲೆ ಎತ್ತಲಿಲ್ಲ.

"ಹೂಂ" ಎಂದ.